ಕೇಳುಗರ ಮಾತು ಕೇಳುವವರು ಯಾರು?

ಟಿ.ವಿ. ಮೊದಲು ಬೆಂಗಳೂರಿಗೆ ಬಂದು, ಆಮೇಲೆ ನಮ್ಮ ಕಡೆ ಬಂದಿತೆಂದು ಬಹಳ ಜನ ತಿಳಿದಿದ್ದಾರೆ. ನಡೆದದ್ದು ಬೇರೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ವಿಜಾಪುರ, ರಾಯಚೂರು ಜಿಲ್ಲೆಗಳನ್ನು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರವೂ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ.

ಇದು ಹೆಮ್ಮೆಯ ಸಂಗತಿಯೇ. ಆದರೆ ಬಂದದ್ದು ಯಾರ ದನಿ? ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಸುದ್ದಿ ಬರುತ್ತಿದ್ದುದು ದಿಲ್ಲಿಯಿಂದ, ಹಿಂದಿಯಲ್ಲಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ಒಳ್ಳೆಯ ವಿಷಯಗಳೇ, ಆದರೆ ಹೇಳುವವರು ಅವರು, ಕೇಳುವವರು ನಾವು. ಅದೇ ಕಾಲಕ್ಕೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಪಿಜ್ ಎಂಬ ಊರಿನ ಸಣ್ಣ ಪ್ರಸಾರ ಕೇಂದ್ರದಿಂದ, ಹಳ್ಳಿಯವರೇ ತಮ್ಮ ಕಷ್ಟಗಳನ್ನು ಹೇಳಿಕೊಳ್ಳುವ ಕಾರ್ಯಕ್ರಮಗಳು ಬರುತ್ತಿದ್ದವು. ಅಂದರೆ ಇದು ಆಗದ ಕೆಲಸವೇನೂ ಆಗಿರಲಿಲ್ಲ.

ಗುಲಬರ್ಗಾ ಆಕಾಶವಾಣಿ 1966ರಲ್ಲಿ ಆರಂಭವಾಗಿ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿತು. ನಮ್ಮ ಹಾಡುಗಾರರಿಗೆ, ರೈತರಿಗೆ ಮೈಕಿನ ಮುಂದೆ ಜಾಗ ಸಿಕ್ಕಿತು. ದೂರದರ್ಶನದ ಕಥೆ ಬೇರೆಯಾಯಿತು. 2021ರಲ್ಲಿ ದೇಶದ ಹಳೆಯ ನೆಲಪ್ರಸಾರ ಯಂತ್ರಗಳನ್ನು ನಿಲ್ಲಿಸುವಾಗ, ಕಲಬುರಗಿ ಕೇಂದ್ರವೇ ಮುಚ್ಚುತ್ತದೆಂಬ ಸುದ್ದಿ ಹಬ್ಬಿತು. ಕಾರ್ಯಕ್ರಮ ತಯಾರಿಕೆ ಮುಂದುವರಿಯುತ್ತದೆ ಎಂದು ಪ್ರಸಾರ ಭಾರತಿ ಹೇಳಿತು. ಕೇಂದ್ರ ಉಳಿದರೆ ಸಾಲದು, ಅದು ಯಾರ ಪರವಾಗಿ ಮಾತಾಡುತ್ತದೆ ಎನ್ನುವುದೂ ಮುಖ್ಯ.

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ನಮ್ಮ ಸೊನ್ನದಲ್ಲಿ ಭೀಮಾ ನದಿಗೆ ಬ್ಯಾರೇಜು ಇದೆ. 2020ರ ಅಕ್ಟೋಬರದಲ್ಲಿ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ಟಿ.ವಿ. ವಾಹಿನಿಗಳಿಗೆ ಬೇಕಾಗುವುದು ಮುಳುಗಿದ ಮನೆಯ ಚಿತ್ರ. ದಂಡೆಯವರು ಕೇಳುವುದು ಬೇರೆ: “ಉಜನಿಯಿಂದ ನೀರು ಎಷ್ಟು ಬಿಟ್ಟಾರ? ಸೊನ್ನದಾಗ ಗೇಟು ಎಷ್ಟು ತೆಗೆದಾರ? ನಮ್ಮೂರಿಗಿ ಯಾವಾಗ ಬರ್ತದ?” ಈ ಮೂರಕ್ಕೆ ಉತ್ತರ ಮುಂಚಿತವಾಗಿ, ನಮ್ಮ ಮಾತಿನಲ್ಲಿ ಸಿಕ್ಕರೆ ದನಕರು, ಕಾಳುಕಡಿ, ಜೀವ ಉಳಿಯುತ್ತವೆ.

ಮುಳುಗಿದ ಮೇಲೆ ಬರುವ ಚಿತ್ರ ಊರ ಹೊರಗಿನವರಿಗೆ ಸುದ್ದಿ. ಊರಿನವರಿಗೆ ಬೇಕಾದದ್ದು ಹಿಂದಿನ ರಾತ್ರಿಯ ಒಂದು ಮಾತು. ನಮ್ಮ ಭಾಗದ ಯಾವುದೇ ಪ್ರಸಾರ ಸಂಸ್ಥೆಯ ಯೋಗ್ಯತೆಯನ್ನು ನಾನು ಅಳೆಯುವುದು ಈ ಒಂದು ಮಾತಿನಿಂದಲೇ.