ರತ್ನಗಂಬಳಿಯ ಹೂದೋಟ, ಜಮಖಾನದ ಚೌಕಾಬಾರ

ಇಲವಾಲದ ಸುತ್ತಮುತ್ತ ಎದ್ದಿರುವ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶದ ಊಟಕ್ಕೆ ಹೋದರೆ, ಸೋಫಾದ ಮುಂದೆ ಒಂದು ‘ಪರ್ಷಿಯನ್’ ಕಾರ್ಪೆಟ್ ಇರುವುದು ಈಗ ಮಾಮೂಲು. ಯಂತ್ರ ನೆಯ್ದ ಸಿಂಥೆಟಿಕ್ ನೂಲಿನದು. ಜೊತೆಗೆ ಅರ್ಥವೂ ಬಂದಿರುತ್ತದೆ: ನಡುವಿನ ಪದಕ ಸೂರ್ಯ, ಸೈಪ್ರೆಸ್ ಮರ ಅಮರತ್ವ, ನಾಲ್ಕು ಪಾಲಾದ ತೋಟ ಸ್ವರ್ಗ. ಅಂಗಡಿಯವರು ಹೇಳಿದ್ದನ್ನು ಮನೆಯವರು ನಮಗೆ ಒಪ್ಪಿಸುತ್ತಾರೆ. ಇದರಲ್ಲಿ ಎಲ್ಲವೂ ಸುಳ್ಳಲ್ಲ. ಇರಾನಿನ ಚಾರ್‌ಬಾಗ್ ತೋಟಗಳ ನೀರಕಾಲುವೆಗಳು ಅಲ್ಲಿನ ರತ್ನಗಂಬಳಿಗಳ ಮೇಲೆ ನಿಜಕ್ಕೂ ಹರಿದಿವೆ. ಆದರೂ ಚಿತ್ತಾರಕ್ಕೊಂದು ನಿಘಂಟು ಹಿಡಿದು ಕೂರುವ ಈ ಓದಿನ ಬಗ್ಗೆ ನನಗೆ ಅನುಮಾನವಿದೆ. ಹಾಸಿನ ಅರ್ಥವನ್ನು ಮೊದಲು ಹುಡುಕಬೇಕಾದದ್ದು ಮಗ್ಗದಲ್ಲಿ.

ಪರ್ಷಿಯನ್ ರತ್ನಗಂಬಳಿಯ ಜೀವ ಇರುವುದು ಗಂಟಿನಲ್ಲಿ. ಹಾಸಿನ ಎಳೆಗಳಿಗೆ ಉಣ್ಣೆ ಅಥವಾ ರೇಷ್ಮೆಯ ತುಂಡನ್ನು ಗಂಟು ಹಾಕಿ ಕತ್ತರಿಸಿದರೆ ಒಂದು ಚುಕ್ಕೆ. ಚುಕ್ಕೆಗಳು ಸಾಕಷ್ಟು ಒತ್ತಾಗಿದ್ದರೆ ಬಳ್ಳಿ ಬಾಗುತ್ತದೆ, ಹೂವಿನ ಎಸಳು ದುಂಡಗಾಗುತ್ತದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಅರ್ದಬೀಲ್ ಗಂಬಳಿ ಈ ಜಾಣ್ಮೆಯ ತುದಿ. 1539–40ರ ಆ ಗಂಬಳಿ ಹತ್ತು ಮೀಟರಿಗೂ ಉದ್ದ. ಅದರ ಮೇಲೆ ಮಕ್ಸೂದ್ ಕಾಶಾನಿಯ ಹೆಸರೊಂದೇ ಇದೆ. ಗಂಟು ಹಾಕಿದ ಕೈಗಳಿಗೆ ಹೆಸರಿಲ್ಲ. ಆಸ್ಥಾನದ ಕಾರ್ಖಾನೆಗಳಲ್ಲಿ ಚಿತ್ತಾರ ಬರೆಯುವವನು ಒಬ್ಬ, ನೇಯುವವರು ಬೇರೆ. ಕಶ್ಕಾಯಿಯಂಥ ಅಲೆಮಾರಿ ಬುಡಕಟ್ಟುಗಳಲ್ಲಿ ಹಾಗಲ್ಲ. ಅಲ್ಲಿ ಹೆಂಗಸರು ನೆನಪಿನಿಂದಲೇ ನೇಯುತ್ತಿದ್ದರು, ಹಾಗಾಗಿ ಅವರ ಗಂಬಳಿಗಳಲ್ಲಿ ಅಂಚು ಮೂಲೆಗೆ ಸರಿಯಾಗಿ ಕೂಡದೆ ಉಳಿದದ್ದೂ ಉಂಟು. ನನಗೆ ಅವೇ ಹೆಚ್ಚು ಇಷ್ಟ.

ಈ ಚಿತ್ತಾರಗಳು ಮೈಸೂರು ಸಂಸ್ಥಾನಕ್ಕೂ ಬಂದವು, ಬಂದದ್ದು ಮಾತ್ರ ವಿಚಿತ್ರ ಜಾಗಕ್ಕೆ. ಬೆಂಗಳೂರಿನ ಹಳೆಯ ಗಂಬಳಿಗಳು ಎರಡೂ ಬದಿ ಒಂದೇ ಚಿತ್ತಾರವಿದ್ದು, ಬಾಳಿಕೆಗೆ ಹೆಸರಾಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸೆಂಟ್ರಲ್ ಜೈಲಿನಲ್ಲಿ ಕೈದಿಗಳು ಪರ್ಷಿಯಾ, ತುರ್ಕಿಗಳ ನಮೂನೆ ನೋಡಿ ಗಂಟಿನ ಗಂಬಳಿ ನೇಯತೊಡಗಿದರು. ಅವು ಇಂಡಿಯಾದಲ್ಲೇ ಮೇಲ್ದರ್ಜೆಯವು ಎಂಬ ಪ್ರಶಂಸೆ ಪಡೆದವು. ಸ್ವರ್ಗದ ತೋಟ ಎಂದು ನಾವಿಂದು ವಿವರಿಸುವ ಹೂಬಳ್ಳಿಗಳನ್ನು ಕಂಬಿಯ ಹಿಂದಿನ ಕೈಗಳು ದಿನದ ಲೆಕ್ಕಕ್ಕೆ ನೇಯ್ದವು, ಕೆಲಸ ಮಾತ್ರ ಕೆಡಲಿಲ್ಲ. ಅರ್ಥ ತಿಳಿಯದೆಯೂ ಚಿತ್ತಾರ ಊರಿಂದೂರಿಗೆ ದಾಟಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನವಲಗುಂದದ ಕಥೆಯೇ ಬೇರೆ. 1980ರ ರೈತ ಬಂಡಾಯದಿಂದ ಕನ್ನಡಿಗರಿಗೆಲ್ಲ ಗೊತ್ತಿರುವ ಧಾರವಾಡ ಜಿಲ್ಲೆಯ ಈ ಊರಿನಲ್ಲಿ ಜಮಖಾನ ಗಲ್ಲಿ ಎಂಬುದೊಂದಿದೆ. ಆದಿಲಶಾಹಿಗಳ ಬಿಜಾಪುರದಿಂದ ಯುದ್ಧದ ಕಾಲದಲ್ಲಿ ಬಂದ ನೇಕಾರರು ಇಲ್ಲಿ ನೆಲೆಯೂರಿದರು ಎಂಬುದು ಅಲ್ಲಿನ ಹೇಳಿಕೆ. ಆದರೆ ಇರಾನಿನೊಂದಿಗೆ ನಂಟಿದ್ದ ಆ ಆಸ್ಥಾನದ ಬಾಗುಬಳ್ಳಿಗಳು ಜಮಖಾನಕ್ಕೆ ಇಳಿಯಲಿಲ್ಲ, ಇಳಿಯುವಂತೆಯೂ ಇರಲಿಲ್ಲ. ಇದರಲ್ಲಿ ಗಂಟಿಲ್ಲ. ನೆಟ್ಟಗೆ ನಿಂತ ಮಗ್ಗದಲ್ಲಿ ಹತ್ತಿಯ ಹಾಸಿನ ನಡುವೆ ಬಣ್ಣದ ಹೊಕ್ಕನ್ನು ಕೈಯಿಂದಲೇ ತೂರಿಸಿ, ಪಂಜದಿಂದ ಕುಟ್ಟಿ ಕೂರಿಸುತ್ತಾರೆ. ಎಳೆ ಎಣಿಸಿ ಬಣ್ಣ ಬದಲಿಸುವ ಈ ಕೆಲಸದಲ್ಲಿ ಓರೆಗೆರೆ ಎಂದರೆ ಮೆಟ್ಟಿಲುಗೆರೆಯೇ. ಹಾಗಾಗಿ ಜಮಖಾನದ ನವಿಲು ಧಾರವಾಡದ ಕಸೂತಿಯ ನವಿಲಿಗೆ ದಾಯಾದಿ: ಒಂದು ಸೂಜಿಯದು, ಇನ್ನೊಂದು ಪಂಜದ್ದು, ಎರಡೂ ಎಳೆ ಲೆಕ್ಕದಲ್ಲಿ ಹುಟ್ಟಿದವು. ಹಿಂದೂ ಮನೆಯ ಸೀರೆಗೂ ಮುಸ್ಲಿಂ ಮನೆಯ ಹಾಸಿಗೂ ಇರುವ ಈ ಹೋಲಿಕೆಗೆ ಸೌಹಾರ್ದದ ಭಾಷಣ ಬೇಕಿಲ್ಲ, ಎಣಿಕೆಯೇ ಸಾಕು.

ಅಲ್ಲಿನ ಚಿತ್ತಾರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಚೌಕಾಬಾರದ ಮನೆಗಳು. ಅದು ಯಾವುದರ ಸಂಕೇತವೂ ಅಲ್ಲ. ಅದು ಆಟದ ಮನೆಯೇ. ಕವಡೆ ತಂದರೆ ಅಲ್ಲೇ ಕೂತು ಆಡಬಹುದು. ಅದೇ ಮಗ್ಗದಲ್ಲಿ ನಮಾಜಿನ ಜಾನಮಾಜ್ ಕೂಡ ಹುಟ್ಟುತ್ತದೆ. ಅದರ ಕಮಾನು ಕೂಡ ಬರಿಯ ಅಲಂಕಾರವಲ್ಲ, ಕಿಬ್ಲಾದ, ಅಂದರೆ ಮೆಕ್ಕಾದ, ಕಡೆ ತಿರುಗಿಸಿ ಹಾಸಬೇಕಾದ ತುದಿ. ಪರ್ಷಿಯನ್ ಗಂಬಳಿ ತೋಟವನ್ನು ತೋರಿಸುತ್ತದೆ. ಜಮಖಾನ ಕೂರಲು ಕರೆಯುತ್ತದೆ. ಮದುವೆಮನೆಯಲ್ಲೂ ಸಂಗೀತ ಕಛೇರಿಯಲ್ಲೂ ಹತ್ತಾರು ಜನರ ಕೆಳಗೆ ಹರಡಿ, ಮುಗಿದ ಮೇಲೆ ಕೊಡವಿ ಮಡಚಿಡುವ ವಸ್ತುವಿಗೆ ಇದು ಸಣ್ಣ ಗುಣವಲ್ಲ.

ಇಲವಾಲದ ಮುಂದೆ ಹಾದುಹೋಗುವ ಹುಣಸೂರು ರಸ್ತೆಯಲ್ಲೇ ಪಶ್ಚಿಮಕ್ಕೆ ಹೋದರೆ ಸಿಗುವ ಬೈಲುಕುಪ್ಪೆಯ ಟಿಬೆಟನ್ನರದು ಮೂರನೆಯ ದಾರಿ. ಅವರ ಪದ್ಧತಿಯಲ್ಲಿ ನೂಲನ್ನು ಒಂದು ಸರಳಿಗೆ ಸುತ್ತಿ ಸಾಲಾಗಿ ಕುಣಿಕೆ ಹಾಕಿ, ಆಮೇಲೆ ಕುಣಿಕೆಗಳನ್ನು ಕೊಯ್ಯುತ್ತಾರೆ. ಡ್ರ್ಯಾಗನ್, ಹಿಮಸಿಂಹ, ಕಮಲಗಳ ಅರ್ಥ ಅಲ್ಲಿ ಇನ್ನೂ ಪೂಜೆ, ಮಠಗಳ ಜೊತೆ ಬದುಕಿದೆ. ಅದು ಬೇರೆಯೇ ಲೇಖನದ ಮಾತು.

ನವಲಗುಂದದ ಪರಂಪರೆಯನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಅಲ್ಲಿನ ಕಸುಬನ್ನು ಮದುವೆಯಾಗಿ ಹೊರಹೋಗುವ ಹೆಣ್ಣುಮಕ್ಕಳಿಗೆ ಕಲಿಸದೆ, ಸೊಸೆಯರಿಗೆ ಮಾತ್ರ ಕಲಿಸುವ ಕಟ್ಟಳೆ ಇತ್ತೆಂದು ಹೇಳುತ್ತಾರೆ. ಗುಟ್ಟು ಕಾಪಾಡಲು ಹುಟ್ಟಿದ ಆ ಕಟ್ಟಳೆ ಕಲಿಯುವ ಕೈಗಳನ್ನೇ ಕಡಿಮೆ ಮಾಡಿತು ಎಂದು ನನ್ನ ಎಣಿಕೆ. ‘ನವಲಗುಂದ ಜಮಖಾನ’ಕ್ಕೆ ಜಿಐ ಮಾನ್ಯತೆ ಬಂದಿದೆ, ಅದು ಹೆಸರನ್ನು ಕಾಯುತ್ತದೆ, ಮಗ್ಗದ ಮುಂದೆ ಕೂತವಳ ಕೂಲಿಯನ್ನಲ್ಲ. ಗೋಡೆಗೆ ನೇತುಹಾಕಲೆಂದು ಜಮಖಾನವನ್ನು ಚಿಕ್ಕದಾಗಿಸಿ ಮಾರುವುದಂತೂ ಅದರ ಸ್ವಭಾವಕ್ಕೇ ವಿರುದ್ಧ: ಗೋಡೆಯ ಮೇಲಿನ ಚೌಕಾಬಾರವನ್ನು ಯಾರು ಆಡುತ್ತಾರೆ? ಇಲವಾಲದ ಹೊಸ ಮನೆಗಳ ಹಾಲ್‌ಗಳು ಇಡೀ ಜಮಖಾನ ಹಾಸುವಷ್ಟು ದೊಡ್ಡವೇ ಇವೆ. ಕೊಳ್ಳುವವರು ಅಲ್ಲಿಂದಲೇ ಶುರುಮಾಡಬಹುದು.