ಮೆಟ್ಸು ಕಂಡ ತರಕಾರಿ ಪೇಟೆ

ಪ್ಯಾರಿಸಿನ ಲೂವ್ರ್ ಸಂಗ್ರಹದಲ್ಲಿರುವ ‘ಆಮ್‌ಸ್ಟರ್‌ಡ್ಯಾಮಿನ ತರಕಾರಿ ಪೇಟೆ’ ಎಂಬ ಚಿತ್ರವನ್ನು ಡಚ್ ಕಲಾವಿದ ಗೇಬ್ರಿಯಲ್ ಮೆಟ್ಸು (1629–1667) ಬರೆದದ್ದು 1660ರ ಸುಮಾರಿಗೆ. ಲೈಡನ್ನಿನಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮಿಗೆ ಬಂದು ನೆಲೆಸಿದವನಾತ. ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಂಡೆಯ ಈ ಪೇಟೆ ಅವನ ಮನೆಗೆ ಹತ್ತಿರದಲ್ಲೇ ಇತ್ತು.

ಅದಕ್ಕೂ ಮೊದಲು, 1569ರಲ್ಲಿ, ಆಂಟ್‌ವರ್ಪಿನ ಬ್ಯೂಕೆಲಾರ್ ತರಕಾರಿಗಳನ್ನು ರಾಶಿ ರಾಶಿಯಾಗಿ ಬರೆದಿದ್ದ. ಆದರೆ ಮೇರಿ ಮಾತೆ ಶಿಶು ಯೇಸುವಿನೊಡನೆ ಈಜಿಪ್ಟಿಗೆ ಹೊರಟ ಬೈಬಲಿನ ಪ್ರಸಂಗವನ್ನು ಹಿನ್ನೆಲೆಯಲ್ಲಿ ಚಿಕ್ಕದಾಗಿಯಾದರೂ ಸೇರಿಸದೆ ಅವನಿಗೆ ಸಮಾಧಾನವಾಗಲಿಲ್ಲ. ಮೆಟ್ಸುವಿಗೆ ಅಂಥ ನೆಪ ಬೇಕಿಲ್ಲ. ಪೇಟೆಯ ಜನರೇ ಅವನಿಗೆ ಸಾಕು.

ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತ ಹೆಂಗಸಿನ ದನಿ ನಮ್ಮ ಕಿವಿಗೂ ಬಿದ್ದಂತಾಗುತ್ತದೆ. ಅವಳನ್ನು ಒಂದೇ ನೋಟದಲ್ಲಿ ಓದಿ ಮುಗಿಸಬಹುದು. ಲೋಹದ ಬಕೆಟ್ಟು ಹಿಡಿದ ತರುಣಿಯನ್ನು ಹಾಗೆ ಮುಗಿಸಲಾಗದು. ಗಂಡಸೊಬ್ಬ ಅವಳನ್ನು ಮಾತಿಗೆಳೆಯುತ್ತಿದ್ದಾನೆ. ಆಕೆ ಒಲಿದಳೋ, ಬೇಸತ್ತಳೋ, ಅಥವಾ ಮನೆಗೆ ಹೊತ್ತಾಯಿತೆಂಬ ಚಿಂತೆಯೋ, ಮುಖ ಹೇಳುವುದಿಲ್ಲ. ಚಿತ್ರದ ಜೀವ ಇಲ್ಲಿದೆ ಎಂದೇ ನನ್ನ ಮತ.

ಮುಂಭಾಗದಲ್ಲಿ ನಾಯಿಯೂ ಹುಂಜವೂ ಮುಖಾಮುಖಿಯಾಗಿವೆ. ಮನುಷ್ಯರ ಜಗಳವನ್ನೇ ಪ್ರಾಣಿಗಳಲ್ಲಿ ಮತ್ತೊಮ್ಮೆ ತೋರಿಸುವ ಈ ಜಾಣತನ ತುಸು ಅತಿಯಾಯಿತು. (ಹುಂಜವನ್ನು ಬರೆದ ಕೈಯನ್ನು ಮಾತ್ರ ಮೆಚ್ಚಲೇಬೇಕು.)

ಡಚ್ಚರದು ಬರೀ ಕೈಚಳಕ, ಕೋಸು ಗಜ್ಜರಿಗಳ ನಕಲು ಎನ್ನುವವರುಂಟು. ಅವರು ಕೋಸಿನ ಎಲೆಗಳನ್ನು ಬಿಟ್ಟು, ಕಾಲುವೆಯ ಪಕ್ಕದ ಮರದಡಿ ಆ ತರುಣಿ ಎಷ್ಟು ಒಂಟಿಯಾಗಿ ನಿಂತಿದ್ದಾಳೆಂಬುದನ್ನು ನೋಡಲಿ. ಸುತ್ತ ಅಷ್ಟೊಂದು ಗದ್ದಲವಿದೆ. ಅವಳ ಬಕೆಟ್ಟು ಮಾತ್ರ ತಣ್ಣಗೆ ಹೊಳೆಯುತ್ತಿದೆ.