ಕಲ್ಯಾಣ, ಫಿಲಡೆಲ್ಫಿಯಾ, ಶಿವಪುರ

ಮಳವಳ್ಳಿ ಸೀಮೆಯ ಒಂದು ಗ್ರಾಮದ ಬಸವಜಯಂತಿ ಸಮಾರಂಭಕ್ಕೆ ನಾವು ಹೋಗಿದ್ದಾಗ ಮುಖ್ಯ ಭಾಷಣಕಾರರು ಬಹು ಆವೇಶದಿಂದ ಮಾತನಾಡಿದರು. ಅನುಭವ ಮಂಟಪವು ಜಗತ್ತಿನ ಪ್ರಪ್ರಥಮ ಪಾರ್ಲಿಮೆಂಟು. ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾ, ಅಮೆರಿಕೆಯ ಸಂವಿಧಾನ ಇವೆಲ್ಲವೂ ಅದರ ಮುಂದೆ ನಿನ್ನೆಯ ಕೂಸುಗಳು ಎಂದು ಅವರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಕೊನೆಯಲ್ಲಿ ಹೈಸ್ಕೂಲು ಓದುವ ಬಾಲಕನೊಬ್ಬನು ಎದ್ದು, "ಬುದ್ಧಿ, ಹಾಗಾದರೆ ಅಲ್ಲಮಪ್ರಭುಗಳಿಗೆ ವೋಟು ಹಾಕಿದವರು ಯಾರು?" ಎಂದು ನಮ್ಮನ್ನೇ ಕೇಳಿದನು. ಸಭೆ ನಕ್ಕಿತು. ಭಾಷಣಕಾರರು "ಕುಳಿತುಕೋ ಮಗು" ಎಂದರು. ನಮಗೆ ಮಾತ್ರ ನಗು ಬರಲಿಲ್ಲ.

ಈ ಹೋಲಿಕೆ ಇಂದು ನಮ್ಮ ವೇದಿಕೆಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ ಇದನ್ನು ಪ್ರಶ್ನಿಸುವುದೇ ಅಪಚಾರವೆಂಬಂತಾಗಿದೆ. ೨೦೧೫ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಬಸವೇಶ್ವರರ ಪ್ರತಿಮೆ ಸ್ಥಾಪಿತವಾದ ಮೇಲಂತೂ ಅದಕ್ಕೆ ಇನ್ನಷ್ಟು ರೆಕ್ಕೆ ಬಂದಿದೆ. ಪ್ರತಿಮೆಯನ್ನು ಕಂಡು ಹಿಗ್ಗಿದವರಲ್ಲಿ ನಾವೂ ಒಬ್ಬರು. ಆದರೂ ಶರಣರ ಹೆಸರಿನಲ್ಲಿ ಆಡುವ ಮಾತು ಪರೀಕ್ಷೆಗೆ ನಿಲ್ಲುವಂತಿರಬೇಕು. ಪರೀಕ್ಷೆಯಿಲ್ಲದೆ ಯಾರನ್ನೂ ಒಳಗೆ ಬಿಡದ ಮಂಟಪದ ಬಗ್ಗೆ ಪರೀಕ್ಷೆಯಿಲ್ಲದ ಮಾತು ಸಲ್ಲದು.

ಮೊದಲು ಆಧಾರದ ಮಾತು. ಶೂನ್ಯಸಿಂಹಾಸನವನ್ನೇರಿದ ಪ್ರಭುದೇವರು, ಅವರ ಮುಂದೆ ನಡೆಯುವ ಗಹನವಾದ ಸಂವಾದ, ಅಕ್ಕಮಹಾದೇವಿಯ ಪರೀಕ್ಷೆ, ಈ ಚಿತ್ರವು ನಮಗೆ ಪ್ರಧಾನವಾಗಿ ದೊರೆಯುವುದು ಶೂನ್ಯಸಂಪಾದನೆಗಳಿಂದ. ಇವು ಸಂಕಲಿತವಾದದ್ದು ಹದಿನೈದನೆಯ ಶತಮಾನದಲ್ಲಿ ಮತ್ತು ತದನಂತರ. ಕಲ್ಯಾಣದ ಘಟನೆಗಳಿಗೂ ಇವಕ್ಕೂ ನಡುವೆ ಸುಮಾರು ಮೂರು ಶತಮಾನಗಳ ಅಂತರವಿದೆ. ವಚನಗಳನ್ನು ಪೋಣಿಸಿ ಸಂವಾದದ ರೂಪ ಕೊಟ್ಟ ಆ ಸಂಕಲನಕಾರರ ಪ್ರತಿಭೆ ಅಸಾಧಾರಣವಾದುದು. ಆದರೆ ಅದನ್ನು ಸಭೆಯ ನಡಾವಳಿಯ ಪುಸ್ತಕದಂತೆ ಓದುವುದು ಅವರಿಗೂ ಅನ್ಯಾಯ, ಚರಿತ್ರೆಗೂ ಅನ್ಯಾಯ.

ಆ ಚಿತ್ರವನ್ನೇ ಯಥಾವತ್ತಾಗಿ ಒಪ್ಪಿಕೊಳ್ಳೋಣ. ಅಲ್ಲಿ ಏನಿತ್ತು? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಇವರ ಮಾತಿಗೆ ಮಂತ್ರಿಯ ಮಾತಿಗಿರುವಷ್ಟೇ ಬೆಲೆಯಿತ್ತು. ಹೆಣ್ಣಿಗೆ ಪ್ರಶ್ನೆ ಕೇಳುವ, ಉತ್ತರ ಹೇಳುವ ಅಧಿಕಾರವಿತ್ತು. ಹನ್ನೆರಡನೆಯ ಶತಮಾನದಲ್ಲಿ ಇದು ಲೋಕದಲ್ಲಿ ಮತ್ತೆಲ್ಲಿ ಕಂಡೀತು? ಏನಿರಲಿಲ್ಲ ಎಂಬುದನ್ನೂ ಹೇಳಬೇಕು. ಆ ಸಭೆ ಕಂದಾಯವನ್ನು ಗೊತ್ತುಪಡಿಸಲಿಲ್ಲ, ಕಾನೂನನ್ನು ರಚಿಸಲಿಲ್ಲ, ದೊರೆಯಿಂದ ಲೆಕ್ಕ ಕೇಳಲಿಲ್ಲ. ರಾಜ್ಯಾಧಿಕಾರವೆಂಬುದು ಸಂಪೂರ್ಣವಾಗಿ ಅದರ ಹೊರಗಿತ್ತು. ಈ ಕೊರತೆಯ ಬೆಲೆ ಏನೆಂಬುದನ್ನು ನಮ್ಮ ಪರಂಪರೆಯೇ ಹೇಳುತ್ತದೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಶರಣರು ವಿವಾಹ ನೆರವೇರಿಸಿದಾಗ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದನು. ಆಗ ಅವನ ಕೈ ಹಿಡಿಯಬಲ್ಲ ಬರಹವೊಂದು ಕಲ್ಯಾಣದಲ್ಲಿರಲಿಲ್ಲ. ಹೀಗೆ ಮಾಡಲು ನಿನಗೆ ಅಧಿಕಾರವಿಲ್ಲವೆಂದು ತೀರ್ಪು ಕೊಡುವ ಪೀಠವಿರಲಿಲ್ಲ. ಭಂಡಾರಿ ಬಸವಣ್ಣನವರು ಪದವಿಯನ್ನು ತೊರೆದು ಹೋಗಬಹುದಾಗಿತ್ತು, ಹೋದರು. ಪಾರ್ಲಿಮೆಂಟು ಇತ್ತೆಂದು ನಾವು ಹೆಮ್ಮೆ ಪಡುವ ಊರಿನಲ್ಲಿ ಇಬ್ಬರು ನಿರಪರಾಧಿಗಳಿಗೆ ವಿಚಾರಣೆ ಸಹ ಸಿಗಲಿಲ್ಲ ಎಂಬುದನ್ನು ಯಾವ ಭಾಷಣಕಾರರೂ ಹೇಳಿದ್ದನ್ನು ನಾವು ಕೇಳಿಲ್ಲ.

ಅಮೆರಿಕೆಯವರದು ಬೇರೆಯೇ ಕಥೆ. ೧೭೮೭ರ ಬೇಸಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ೫೫ ಜನ ಪ್ರತಿನಿಧಿಗಳು ಬಾಗಿಲು ಮುಚ್ಚಿಕೊಂಡು ಕುಳಿತು ಸಂವಿಧಾನವನ್ನು ರಚಿಸಿದರು. ಸಹಿ ಹಾಕಿದವರು ೩೯ ಜನ. ಅಧಿಕಾರ ಹಿಡಿದವನು ಕೆಡಬಹುದೆಂಬ ಶಂಕೆಯೇ ಅವರ ಯೋಜನೆಯ ಅಡಿಗಲ್ಲು. ಆದ್ದರಿಂದ ಕಾನೂನು ಮಾಡುವವರನ್ನೂ ನಡೆಸುವವರನ್ನೂ ತೀರ್ಪು ಕೊಡುವವರನ್ನೂ ಬೇರೆ ಬೇರೆ ಮಾಡಿ ಒಬ್ಬರ ಮೇಲೊಬ್ಬರನ್ನು ಕಾವಲಿಟ್ಟರು. ಗ್ರಂಥವು ಜನರೇ ಮಾತನಾಡುವ ಧಾಟಿಯಲ್ಲಿ ಆರಂಭವಾಗುತ್ತದೆ. ಆದರೆ ಆ ಕೋಣೆಯಲ್ಲಿ ಒಬ್ಬ ಹೆಂಗಸಿರಲಿಲ್ಲ, ಒಬ್ಬ ಗುಲಾಮನಿರಲಿಲ್ಲ. ಗುಲಾಮರನ್ನು ಇಟ್ಟುಕೊಂಡವರು ಅನೇಕರಿದ್ದರು. ಪ್ರಾತಿನಿಧ್ಯದ ಲೆಕ್ಕಕ್ಕೆ ಐದು ಗುಲಾಮರನ್ನು ಮೂವರೆಂದು ಎಣಿಸಿದರು. ಮನುಷ್ಯನನ್ನು ಭಿನ್ನರಾಶಿ ಮಾಡಿದ ಈ ಗಣಿತವನ್ನು ಓದುವಾಗ ನಮಗೆ ಕಕ್ಕಯ್ಯನವರ ನೆನಪಾಗದೆ ಇರದು. ಗುಲಾಮಗಿರಿ ತೊಲಗಲು ಒಂದು ಅಂತರ್ಯುದ್ಧವೂ ೧೮೬೫ರ ತಿದ್ದುಪಡಿಯೂ ಬೇಕಾದವು. ಲಿಂಗಭೇದದಿಂದ ಮತ ನಿರಾಕರಿಸಬಾರದೆಂಬ ವಿಧಿ ಸೇರಿದ್ದು ೧೯೨೦ರಲ್ಲಿ. ಹೀಗಿರುವಾಗ ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾವುದು ಹಿರಿದು, ಯಾವುದು ಕಿರಿದು ಎಂದು ಅಳೆಯುವುದರಿಂದ ಎರಡೂ ನಮಗೆ ಅರ್ಥವಾಗದೆ ಹೋಗುತ್ತವೆ.

ಇಷ್ಟು ದೂರ ಹೋಗುವ ಭಾಷಣಕಾರರಿಗೆ ಮದ್ದೂರಿನ ಮಗ್ಗುಲಿನ ಶಿವಪುರ ಏಕೆ ಕಾಣುವುದಿಲ್ಲವೆಂಬುದೇ ನಮ್ಮ ಆಕ್ಷೇಪ. ಮೈಸೂರಿಗೆ ಪ್ರಜಾಪ್ರತಿನಿಧಿ ಸಭೆ ೧೮೮೧ರಲ್ಲಿಯೇ ಬಂದಿತ್ತು. ದಿವಾನ್ ರಂಗಾಚಾರ್ಲು ಅವರ ದೂರದೃಷ್ಟಿಯ ಫಲವದು. ಆ ವರ್ಷದ ಅಕ್ಟೋಬರಿನಲ್ಲಿ ೧೪೪ ಜನ ಭೂಮಾಲೀಕರು ಮತ್ತು ವರ್ತಕರು ಸೇರಿದ್ದರು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಬಹು ಗೌರವಾರ್ಹವಾದ ಕಾರ್ಯ. ಆದರೆ ಸಭೆ ಅಹವಾಲು ಹೇಳಬಹುದಾಗಿತ್ತೇ ಹೊರತು ದಿವಾನರನ್ನು ಇಳಿಸುವಂತಿರಲಿಲ್ಲ. ಕೊಟ್ಟದ್ದು ಅರಮನೆ, ಕೊಟ್ಟದ್ದನ್ನು ಹಿಂತೆಗೆಯುವ ಶಕ್ತಿಯೂ ಅರಮನೆಯದೇ. ನಾಲೆಯ ನೀರಿಗಾಗಿ ವಿಧಿಸಿದ ಹಣದ ಹೊರೆಯನ್ನು ವಿರೋಧಿಸಿ ಮಂಡ್ಯ ಸೀಮೆಯ ರೈತರು ೧೯೩೦ರ ದಶಕದ ಆರಂಭದಲ್ಲಿ ಹೂಡಿದ ಇರ್ವಿನ್ ನಾಲೆಯ ಚಳವಳಿಯಲ್ಲಿ ಈ ಮಿತಿ ಚೆನ್ನಾಗಿ ಗೋಚರಿಸಿತು. ತಮ್ಮ ಪ್ರತಿನಿಧಿಯಿಲ್ಲದ ಪಾರ್ಲಿಮೆಂಟು ಹಾಕಿದ ತೆರಿಗೆಯನ್ನು ತೆರುವುದಿಲ್ಲವೆಂದು ಅಮೆರಿಕೆಯ ವಸಾಹತುಗಳು ೧೭೬೫ರಿಂದ ಎತ್ತಿದ ಪ್ರಶ್ನೆಯ ಮರ್ಮವನ್ನು ಕಾಲೇಜಿನ ಪುಸ್ತಕಕ್ಕಿಂತ ನಾಲೆಯ ಏರಿಯ ಮೇಲೆ ನಿಂತ ಆ ರೈತನು ಬೇಗ ತಿಳಿದಿದ್ದಾನು.

೧೯೩೮ರ ಏಪ್ರಿಲ್‌ನಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಒಂದು ವರ್ಷ ಮೊದಲು, ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಶಿಂಷಾ ತೀರದ ಶಿವಪುರದಲ್ಲಿ ಸೇರಿತು. ಧ್ವಜ ಹಾರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆಯಿತ್ತು. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಸಹಸ್ರಾರು ಜನರ ಸಮಕ್ಷಮದಲ್ಲಿ ಧ್ವಜವನ್ನೇರಿಸಿ ದಸ್ತಗಿರಿಯಾದರು; ಅವರ ಹಿಂದೆ ಇತರ ನಾಯಕರೂ ಸೆರೆಮನೆಗೆ ನಡೆದರು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಗೋಲೀಬಾರು ನಡೆದು ರಕ್ತ ಹರಿಯಿತು. ಮೇ ತಿಂಗಳಲ್ಲಿ ಸರ್ ಮಿರ್ಜಾ ಇಸ್ಮಾಯಿಲರಿಗೂ ಸರ್ದಾರ್ ಪಟೇಲರಿಗೂ ಒಪ್ಪಂದವಾಗಿ ಧ್ವಜಕ್ಕೆ ಮನ್ನಣೆ ದೊರೆಯಿತು. ಶಿವಪುರದಲ್ಲಿ ಕೇಳಿದ್ದು ಬಟ್ಟೆಯ ತುಂಡೊಂದನ್ನು ಕಟ್ಟುವ ಅನುಮತಿಯನ್ನಲ್ಲ. ಅಧಿಕಾರದ ಮೂಲ ಎಲ್ಲಿದೆ, ಸಿಂಹಾಸನದಲ್ಲೋ ಆ ಗದ್ದೆಯ ಬಯಲಿನಲ್ಲೋ ಎಂಬುದನ್ನು. ಉತ್ತರ ಬರಲು ೧೯೪೭ರ ಮೈಸೂರು ಚಲೋ ಆಗಬೇಕಾಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. ೧೯೪೯ರ ನವೆಂಬರಿನಲ್ಲಿ ಮಹಾರಾಜರು ಭಾರತದ ಸಂವಿಧಾನವನ್ನು ಮೈಸೂರಿಗೆ ಅಂಗೀಕರಿಸಿ ಘೋಷಣೆ ಹೊರಡಿಸಿದರು. ಅಸ್ಪೃಶ್ಯತೆಯನ್ನು ನಿಷೇಧಿಸುವ ೧೭ನೆಯ ಅನುಚ್ಛೇದವೂ ಬಿಜ್ಜಳನಂಥವರ ಕೈ ಕಟ್ಟುವ ೨೧ನೆಯ ಅನುಚ್ಛೇದವೂ ಒಂದೇ ಗ್ರಂಥದಲ್ಲಿ ಕುಳಿತದ್ದು ಆಗಲೇ. ಶರಣರ ವಾರಸುದಾರಿಕೆಯನ್ನು ಹುಡುಕುವುದಾದರೆ ಅಲ್ಲಿ ಹುಡುಕಬಹುದು.

ಬರೆದ ಸಂವಿಧಾನವನ್ನು ಕಾಯುವವರು ಯಾರು? ಅಮೆರಿಕೆಯಲ್ಲಿ ಇದಕ್ಕೆ ಉತ್ತರ ಹೇಳಿದ್ದು ೧೮೦೩ರ ಮಾರ್ಬರಿ ಮೊಕದ್ದಮೆ. ನ್ಯಾಯಾಧಿಕಾರಿಯ ನೇಮಕಪತ್ರ ಕೈಸೇರಲಿಲ್ಲವೆಂದು ಮಾರ್ಬರಿ ಎಂಬಾತನು ದೂರಿತ್ತನು. ಸಂವಿಧಾನಕ್ಕೆ ವಿರುದ್ಧವಾದ ಶಾಸನ ಶಾಸನವೇ ಅಲ್ಲವೆಂದು ಶ್ರೇಷ್ಠ ನ್ಯಾಯಾಧೀಶ ಮಾರ್ಷಲ್ ಸಾರಿದರು. ಮಾರ್ಬರಿಗೆ ನೇಮಕಪತ್ರ ಮಾತ್ರ ಸಿಗಲಿಲ್ಲ. ನಮ್ಮಲ್ಲಿ ಅದೇ ಸ್ಥಾನದಲ್ಲಿ ನಿಂತವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಕನ್ನಡದ ಯತಿಗಳು. ಮಠದ ಭೂಮಿಗಾಗಿ ೧೯೭೦ರಲ್ಲಿ ಅವರು ಹೂಡಿದ ಮೊಕದ್ದಮೆಯನ್ನು ೧೩ ನ್ಯಾಯಾಧೀಶರು ಕೇಳಿ, ೧೯೭೩ರ ಏಪ್ರಿಲ್ ೨೪ರಂದು ಏಳು ಜನರ ಬಹುಮತದಿಂದ, ಪಾರ್ಲಿಮೆಂಟು ಸಹ ಸಂವಿಧಾನದ ಮೂಲಸ್ವರೂಪವನ್ನು ಕೆಡಿಸಲಾರದೆಂದು ತೀರ್ಮಾನಿಸಿದರು. ಭೂಸುಧಾರಣೆಯ ಕಾನೂನುಗಳಿಗೆ ರಕ್ಷಣೆಯಿತ್ತ ೨೯ನೆಯ ತಿದ್ದುಪಡಿ ಮಾತ್ರ ಉಳಿಯಿತು. ಸ್ವಾಮಿಗಳು ಬಯಸಿದ ಪರಿಹಾರ ದೊರೆಯಲಿಲ್ಲ. ಭೂಮಿ ಉಳುವವನಿಗೆ ಹೋದುದು ನ್ಯಾಯವೇ ಎಂದು, ಮಠಾಧಿಪತಿಗಳಾಗಿಯೂ, ನಾವು ಭಾವಿಸುತ್ತೇವೆ. ೨೦೨೦ರಲ್ಲಿ ಅವರು ಲಿಂಗೈಕ್ಯರಾದರೆಂದು ನಮ್ಮವರೊಬ್ಬರು ಬರೆದಿದ್ದರು. ಅವರು ಶಂಕರಪರಂಪರೆಯ ಯತಿಗಳು, ಬ್ರಹ್ಮೀಭೂತರಾದರೆನ್ನಬೇಕು. ನಮ್ಮ ಶಬ್ದವನ್ನು ಎಲ್ಲರಿಗೂ ತೊಡಿಸುವ ಅಭ್ಯಾಸವೂ ಆ ಪಾರ್ಲಿಮೆಂಟಿನ ಹೋಲಿಕೆಗೆ ದೂರದ ಬಂಧುವೇ.

ಬಾಲಕನ ಪ್ರಶ್ನೆಗೆ ನಾವು ಅಂದು ಹೇಳಿದ್ದು ಇಷ್ಟು: ಪ್ರಭುದೇವರಿಗೆ ಯಾರೂ ವೋಟು ಹಾಕಲಿಲ್ಲ, ಮಗು, ಶರಣರು ಅವರ ಅರಿವನ್ನು ಕಂಡು ಪೀಠವನ್ನು ಒಪ್ಪಿಸಿದರು. ಹಿಂದಿರುಗುವಾಗ ಕಾರಿನಲ್ಲಿ ಮಂಡ್ಯದ ವಕೀಲರೊಬ್ಬರು, ನಮ್ಮ ಮಠದಲ್ಲಿಯೇ ಉಂಡು ಓದಿದವರು, ಸಂಕೋಚದಿಂದ ಕೇಳಿದರು: "ಈಗಿನ ಪೀಠಗಳ ವಿಷಯ ಹೇಗೆ, ಬುದ್ಧಿ?" ಸಾರ್ವಜನಿಕ ಧರ್ಮಸಂಸ್ಥೆಯ ಲೆಕ್ಕ ಕೇಳಲು, ಅದಕ್ಕೊಂದು ನಿಯಮಾವಳಿ ಮಾಡಿಸಲು, ಹಿತಾಸಕ್ತಿಯುಳ್ಳ ಇಬ್ಬರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೆಯ ಪ್ರಕರಣ ೧೯೦೮ರಿಂದಲೂ ದಾರಿ ಕೊಟ್ಟಿದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ದಾರಿಯಲ್ಲಿ ನಡೆದ ಭಕ್ತನನ್ನು ಗುರುದ್ರೋಹಿ ಎನ್ನುತ್ತಾರೆಂಬುದೂ ಗೊತ್ತು. ಕೋರ್ಟಿಗೆ ಹೋಗುವ ಮೊದಲೇ ಲೆಕ್ಕವನ್ನು ಭಕ್ತರ ಮುಂದಿಡುವ ಪದ್ಧತಿ ಮಠಗಳಲ್ಲಿ ಏಕಿರಬಾರದು ಎಂದು ನಾವು ಅವರನ್ನು ಕೇಳಿದೆವು. ಒಂದು ಕರಡನ್ನು ಬರೆದು ತರುವುದಾಗಿ ಅವರು ಒಪ್ಪಿದ್ದಾರೆ. ಅದು ಬಂದ ಮೇಲೆ ಈ ಪತ್ರಿಕೆಯಲ್ಲಿಯೇ ಪ್ರಕಟವಾಗುತ್ತದೆ. ಹಳೆಯ ವಿದ್ಯಾರ್ಥಿಗಳು ಓದಿ, ತಿದ್ದಿ, ಒಪ್ಪದ ಕಡೆ ಒಪ್ಪಿಲ್ಲವೆಂದು ಬರೆದು ಕಳುಹಿಸಬೇಕು.